ಜೋಡಿಗಷ್ಟೇ ಮಗ್ಗ

ನಾವಿನ್ನೂ ಮುಂಬಯಿ ರಾಜ್ಯಕ್ಕೆ ಸೇರಿದ್ದ ಕಾಲ. ಬನಹಟ್ಟಿಯ ಒಬ್ಬ ಸಾವಕಾರರ ಕೈಮಗ್ಗದ ಕಾರ್ಖಾನೆಗೆ ನೇಕಾರರನ್ನು ಆರಿಸಿ ತರುವುದು ನನ್ನ ಕೆಲಸವಾಗಿತ್ತು. ಯಾರು ಯಾವಾಗ ಬಿಟ್ಟು ಹೋಗುತ್ತಾರೋ ಎಂದು ನನಗೆ ಚಿಂತೆ. ಯಾರೂ ಬಿಡದಿದ್ದರೆ ನನ್ನನ್ನು ಯಾಕೆ ಇಟ್ಟುಕೊಳ್ಳುತ್ತಾರೆ ಎಂದು ಇನ್ನೊಂದು ಚಿಂತೆ.

ಆರಿಸುವ ರೀತಿ ಸರಳ. ಒಂಟಿ ಗಂಡಸಿಗೆ ಮಗ್ಗವಿಲ್ಲ. ಗಂಡ ನೇಯಬೇಕು; ಹೆಂಡತಿ ಪಕ್ಕದಲ್ಲಿ ಕೂತು ರಾಟಿ ತಿರುಗಿಸಿ, ಲಾಳಿಗೆ ಹಾಕುವ ನೂಲಿನ ಕಂಡಿಕೆ ಸುತ್ತಬೇಕು. ಕೂಲಿ ಮಾತ್ರ ಗಂಡನಿಗೆ. ಹೆಂಡತಿ ಅವನ ಜೊತೆ ಬಂದ ಸಾಮಾನಿದ್ದ ಹಾಗೆ. ನನ್ನ ತಂಗಿ ಮತ್ತು ಅವಳ ಗಂಡನನ್ನೂ ಹಾಗೆಯೇ ತಂದು ಕೂರಿಸಿದ್ದೆ.

ತಂಗಿ ಜ್ವರದಲ್ಲಿ ತೀರಿಕೊಂಡಳು. ಆ ಮನೆಯಲ್ಲಿ ಬೇರೆ ಹೆಣ್ಣುಜೀವವಿರಲಿಲ್ಲ. ದಿನಕರ್ಮ ಮುಗಿಸಿ ಅವನು ಮಗ್ಗಕ್ಕೆ ಮರಳಿದ ಬೆಳಿಗ್ಗೆಯೇ ಸಾವಕಾರರು ನನ್ನನ್ನು ಕರೆದರು.

"ಮಗ್ಗಕ್ಕ ಜೋಡಿ ಬೇಕಲ್ಲೋ. ಅವಂಗ ಇನ್ನೊಂದು ಮದುವಿ ಮಾಡು, ಇಲ್ಲಾ ಬ್ಯಾರೆ ಜೋಡಿ ಕರಕೊಂಬಾ."

"ಕೂಲಿ ಕೊಟ್ಟು ಯಾರನ್ನರೆ ಸುತ್ತಾಕ ಇಟ್ಟರ ನಡಿಯೂದಿಲ್ಲೇನ್ರಿ?"

"ಇಷ್ಟ ದಿನಾ ಪುಕ್ಕಟ ಆಗೂದಕ್ಕ ಈಗ ಕೂಲಿ? ನಿನ್ನ ಪಗಾರದಾಗ ಕೊಡತೀಯೇನು?"

ಸುತ್ತಲಿದ್ದವರು ನಕ್ಕರು. ಅಭ್ಯಾಸಬಲದಿಂದ ನಾನೂ ನಕ್ಕೆ.

ಹೀಗೆ, ಸತ್ತ ತಂಗಿಯ ಗಂಡನ ಮಗ್ಗ ಉಳಿಸಲು ಅವನಿಗೊಂದು ಹೆಣ್ಣು ನೋಡಲು ನಾನು ಮಹಾಲಿಂಗಪುರಕ್ಕೆ ಹೋದೆ. ಬಸ್ಸಿನಲ್ಲಿ ಪೂರ್ತಿ ಅದೇ ಯೋಚನೆ: ಹೆಣ್ಣು ಕೊಡದಿದ್ದರೆ ಹೇಗೆ, ಕೊಟ್ಟರೆ ಹೇಗೆ. ಹುಡುಗಿ ಚಹಾ ತಂದಿಟ್ಟಳು. ಹೆಸರು ಕೇಳುವ ಮೊದಲೇ ನನ್ನ ಬಾಯಿಂದ ಬಂತು:

"ಕಂಡಿಕಿ ಸುತ್ತಾಕ ಬರತೈತೇನವಾ?"

ಅವಳು ತಲೆ ಎತ್ತಿದಳು. "ಮದುವಿಗೆ ಕೇಳಾಕ ಬಂದೀರೋ, ಕೆಲಸಕ್ಕ ಇಟಗೊಳ್ಳಾಕೋ? ಕೆಲಸಕ್ಕಾದ್ರ ನನಗ ಪಗಾರ ಎಷ್ಟ, ಮೊದಲ ಹೇಳ್ರಿ."

"ಸುಮ್ಮಕಿರಬೇ!" ಎಂದು ಅವಳಪ್ಪ ಗದರಿದ. ಆದರೆ ಎದ್ದವನು ನಾನು. ಕಪ್ಪಿನಲ್ಲಿ ಚಹಾ ಹಾಗೇ ಇತ್ತು. ನನ್ನ ತಂಗಿಗೂ ಈ ಮಾತು ಹೊಳೆದಿರಬೇಕು. ಅಣ್ಣನನ್ನು ಹೇಗೆ ಕೇಳುವುದೆಂದು ಸುಮ್ಮನಿದ್ದಳೋ ಏನೋ.

ಮರಳಿದಾಗ ತಂಗಿಯ ಗಂಡ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ನೇಯುತ್ತಿದ್ದ. ಪಕ್ಕದ ಬುಟ್ಟಿಯಲ್ಲಿ, ಜ್ವರ ಬರುವ ಮುಂಚೆ ಅವಳು ಸುತ್ತಿಟ್ಟಿದ್ದ ಕಂಡಿಕೆಗಳಿದ್ದವು.

"ಹೆಣ್ಣು ಕೂಡಿ ಬರಲಿಲ್ಲಪಾ."

"ಛಲೋ ಆತು ಬಿಡ್ರಿ ಮಾಮಾ. ಅಕಿ ಸುತ್ತಿದ್ದು ಇನ್ನಾ ಅದಾವ. ಇವು ಮುಗಿಯೂತನಾ ಕೂಡತೇನಿ."

ನಿಧಾನವಾಗಿ ನೇಯ್ದ. ಸಾವಕಾರರು ಬೈದರೂ ಕೈ ಜೋರಾಗಲಿಲ್ಲ. ಬುಟ್ಟಿ ಬರಿದಾದ ದಿನ ಲಾಳಿಯನ್ನು ಹಾಸಿನ ಎಳೆಗಳ ಮೇಲಿಟ್ಟು ಎದ್ದ. ಸೊಲ್ಲಾಪುರದ ಗಿರಣಿಗಳಲ್ಲಿ ಒಂಟಿ ಗಂಡಸರನ್ನೂ ತೆಗೆದುಕೊಳ್ಳುತ್ತಾರಂತೆ ಎಂದು ಹೊರಟುಹೋದ.

ಮಗ್ಗದ ಮೇಲೆ ಸೀರೆ ಅರ್ಧವಾಗಿತ್ತು. ರಬಕವಿಯಿಂದ ಹೊಸ ಜೋಡಿಯನ್ನು ತಂದು ಕೂರಿಸಿದೆ. ಅದು ನನ್ನ ಕೆಲಸ. ಅವರು ಉಳಿದದ್ದನ್ನು ಮುಗಿಸಿದರು. ಮಡಿಸುವ ಮೊದಲು ಆ ಸೀರೆಯನ್ನು ಬಾಗಿಲ ಬೆಳಕಿಗೆ ಹಿಡಿದು, ಸೆರಗಿನಿಂದ ಕೊನೆಯವರೆಗೆ ಬೆರಳಾಡಿಸಿ ಹುಡುಕಿದೆ. ತಂಗಿಯ ನೂಲು ಎಲ್ಲಿ ಮುಗಿದಿತ್ತೋ, ನನಗೆ ಗೊತ್ತಾಗಲಿಲ್ಲ.