ಹನ್ನೊಂದು ಮನೆಯ ಟೈರು

ಒಂಬತ್ತು ವರ್ಷದ ಕೆಲಸದಲ್ಲಿ ಉಸಿರಕ್ಕನ ಅಭಿಪ್ರಾಯವನ್ನು ಡಿಪೋದವರು ಕೇಳಿದ್ದು ಅದೇ ಮೊದಲು. ಅವಳು ಮನೆಮನೆಗೆ ಆಕ್ಸಿಜನ್ ಸಿಲಿಂಡರ್ ಒಯ್ಯುತ್ತಿದ್ದ ಹಳೆಯ ಡೀಸೆಲ್ ಪಿಕಪ್ಪಿನ ಆಯಸ್ಸು ಮುಗಿದಿತ್ತು. ಅದರ ಜಾಗಕ್ಕೆ ಬ್ಯಾಟರಿ ಪಿಕಪ್ ಬರಲಿತ್ತು. ಯಾವ ಕಂಪನಿ, ಯಾವ ಬಣ್ಣ ಎಂಬುದೆಲ್ಲ ಮೇಲಿನವರ ಮಟ್ಟದಲ್ಲೇ ತೀರ್ಮಾನವಾಗಿ ಹೋಗಿತ್ತು. ಚಕ್ರ ಯಾವುದು, ಟೈರು ಯಾವುದು, ಕಚ್ಚಾ ದಾರಿಗೆ ಏನೇನು ಬೇಕು ಎಂಬ ಒಂದು ಪುಟವನ್ನು ಮಾತ್ರ ಓಡಿಸುವವರೇ ತುಂಬಲಿ ಎಂದು ಖಾಲಿ ಬಿಟ್ಟಿದ್ದರು. ಶುಕ್ರವಾರದೊಳಗೆ ಕೊಡಬೇಕು. ಅವಳು ಆ ಪುಟ ಮಡಚಿ ಹೋಗಬಾರದೆಂದು ಮಗಳ ಡ್ರಾಯಿಂಗ್ ಪುಸ್ತಕದೊಳಗಿಟ್ಟು ಮನೆಗೆ ತಂದಳು.

ಉಸಿರಕ್ಕ ಎನ್ನುವುದು ಕಲ್ಲುಗಣಿ ಕಾಲೊನಿಯವರು ಇಟ್ಟ ಹೆಸರು. ಹುಟ್ಟಿದಾಗ ಇಟ್ಟ ಹೆಸರನ್ನು ಈಗ ಗಂಡ ಕೂಡ ಅಪರೂಪಕ್ಕೆ ಕರೆಯುತ್ತಿದ್ದ. ಹದಿನೇಳಕ್ಕೇ ಸೋದರಮಾವನ ಇಟ್ಟಿಗೆ ಲಾರಿಯ ಸ್ಟಿಯರಿಂಗ್ ಹಿಡಿದವಳು ಅವಳು. ಮದುವೆಯಾದ ಮೇಲೆ ಎರಡು ವರ್ಷ ಮನೆಯಲ್ಲಿ ಕೂತಳು, ಮಗಳು ಹುಟ್ಟಿದಳು, ಮಗಳಿಗೆ ಹಾಲು ಬಿಡಿಸಿದ ತಿಂಗಳೇ ಡಿಪೋಗೆ ಸೇರಿದಳು. ಸಿಲಿಂಡರಿನ ಮೈಗೆ ಗೆಣ್ಣಿನಿಂದ ಒಮ್ಮೆ ತಟ್ಟಿ, ಒಳಗೆ ಎಷ್ಟಿದೆ ಎಂದು ಹೆಚ್ಚುಕಡಿಮೆ ಸರಿಯಾಗಿ ಹೇಳಬಲ್ಲಳು. ಯಾರ ಮನೆಯ ಹೊಸ್ತಿಲು ಎತ್ತರ, ಯಾರ ಮನೆಯಲ್ಲಿ ಮಂಚದ ಎಡಕ್ಕೆ ನಿಲ್ಲಿಸಬೇಕು, ಯಾರಿಗೆ ಮೊದಲು ಕುಶಲ ಕೇಳಿ ಆಮೇಲೆ ಮೀಟರ್ ನೋಡಬೇಕು ಎಂಬುದೆಲ್ಲ ಅವಳ ತಲೆಯಲ್ಲೇ ಇತ್ತು.

ಗುರುವಾರದ ಪಾಳಿ ಎಲ್ಲಕ್ಕಿಂತ ಉದ್ದದ್ದು. ಬೆಳಿಗ್ಗೆ ಗಣಿ ಕಾಲೊನಿ. ಕಲ್ಲಿನ ಪುಡಿ ಕುಡಿದು ಕುಡಿದು ಶ್ವಾಸಕೋಶ ಗಟ್ಟಿಯಾದ ಹನ್ನೊಂದು ಮಂದಿ ಅಲ್ಲಿ. ಹೋಗಿ ಬರಲು ಮೂವತ್ತೆಂಟು ಕಿಲೋಮೀಟರ್ ಅಷ್ಟೇ, ಆದರೆ ಕೊನೆಯ ಮೂರು ಕಿಲೋಮೀಟರ್ ಬರೀ ಒಡೆದ ಕಲ್ಲಿನ ಏರು. ಮಧ್ಯಾಹ್ನ ರೈಲ್ವೆ ಗೇಟಿನ ಮನೆ. ಅಲ್ಲಿಗೆ ರಸ್ತೆ ಹಾಸಿಗೆಯಂತಿದೆ, ಆದರೆ ಹೋಗುವುದಕ್ಕೇ ತೊಂಬತ್ತಾರು ಕಿಲೋಮೀಟರ್. ಆ ಒಂಟಿ ಕೋಣೆಯಲ್ಲಿ ಗೇಟು ಹಾಕಿ ತೆಗೆಯುವ ಹೆಂಗಸು, ಅವಳ ಅತ್ತೆ, ಹನ್ನೊಂದು ತಿಂಗಳ ಹೆಣ್ಣುಮಗು. ದಿನ ತುಂಬುವ ಮೊದಲೇ ಹುಟ್ಟಿದ ಮಗು. ಎರಡು ವರ್ಷ ತುಂಬುವವರೆಗೆ ಮೂಗಿನ ನಳಿಗೆ ತೆಗೆಯಬಾರದು, ಆಮೇಲೆ ತಾನಾಗಿಯೇ ಸರಿಹೋಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಲ್ಲಿ ಕರೆಂಟು ಬಂದರೆ ಬಂತು, ಹೋದರೆ ಹೋಯಿತು. ಹಾಗಾಗಿ ಗಾಳಿಯಿಂದಲೇ ಆಕ್ಸಿಜನ್ ಮಾಡುವ ಮೆಷಿನ್ನನ್ನು ನಂಬುವಂತಿರಲಿಲ್ಲ, ಸಿಲಿಂಡರೇ ಆಗಬೇಕು. ಒಂದು ಸಣ್ಣ ಸಿಲಿಂಡರ್ ನಾಲ್ಕು ದಿನ ಬರುತ್ತಿತ್ತು.

ಫಾರಂ ಹಿಡಿದುಕೊಂಡು ಅವಳು ಮೊದಲು ಹೋದದ್ದು ಪಂಚರ್ ಮಾವನ ಅಂಗಡಿಗೆ. ಊರಿಗೆಲ್ಲ ಮಾವನಾದ ಆತ ಕನ್ನಡಕ ಮೂಗಿನ ತುದಿಗೆ ತಂದು, ಪುಟದ ಮೇಲಿದ್ದ ಚಿತ್ರಗಳನ್ನು ಹೆಣ್ಣು ನೋಡುವ ಮನೆಗೆ ಬಂದವನಂತೆ ಒಂದೊಂದಾಗಿ ನೋಡಿದ. ಇಪ್ಪತ್ತಿಂಚಿನ ಹೊಳೆಯುವ ಚಕ್ರದ ಮೇಲೆ ಡಿಪೋದ ಮ್ಯಾನೇಜರಿಗೆ ಮನಸ್ಸಿತ್ತು, ಉದ್ಘಾಟನೆಯ ಫೋಟೊಕ್ಕೆ ಚೆನ್ನಾಗಿರುತ್ತದೆ ಎಂದು. ಅದನ್ನು ಮಾವ ಉಗುರಿನಿಂದಲೇ ಗೀಚಿ ತಳ್ಳಿಹಾಕಿದ. ರಿಮ್ಮು ದೊಡ್ಡದಾದಷ್ಟೂ ರಬ್ಬರು ತೆಳ್ಳಗಾಗುತ್ತದೆ, ಗಣಿಯ ಕಲ್ಲು ಅದನ್ನು ಕಾಗದದ ಹಾಗೆ ಕೊಯ್ಯುತ್ತದೆ ಎಂದ. ಹದಿನೆಂಟರ ಚಕ್ರವೇ ಸರಿ. ಇನ್ನು ಅದಕ್ಕೆ ನುಣುಪಾದ ರಸ್ತೆ ಟೈರೋ, ದಪ್ಪ ಹಲ್ಲಿನ ಟೈರೋ?

"ಹಲ್ಲಿರೋ ಟೈರು ಕಲ್ಲನ್ನೂ ಕಚ್ಚುತ್ತೆ ಮಗಳೇ, ಬ್ಯಾಟರೀನೂ ತಿನ್ನುತ್ತೆ," ಎಂದ ಮಾವ. "ಗಣಿಗೆ ಹೋಗೋದಾದ್ರೆ ತಳಕ್ಕೆ ಗಾರ್ಡು ಹಾಕಿಸಲೇಬೇಕು, ಬ್ಯಾಟರಿ ಇರೋದೇ ಕೆಳಗೆ. ಗಾಡಿ ನಾಲ್ಕು ಬೆರಳು ಎತ್ತರ ಆಗಬೇಕು. ಎಲ್ಲಾ ಭಾರ, ಎಲ್ಲಾ ಗಾಳಿಗೆ ಅಡ್ಡ. ನಿನ್ನ ಉದ್ದದ ಓಟ ಹೋಯ್ತು ಅಂತಲೇ ಲೆಕ್ಕ."

ಇಬ್ಬರೂ ಸೇರಿ ಹಳೆಯ ಟ್ಯೂಬಿನ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಹಾಕಿದರು. ಭಾರ ಹೊತ್ತು, ರಸ್ತೆ ಟೈರಿನಲ್ಲಿ, ತುಂಬಿದ ಚಾರ್ಜಿಗೆ ಇನ್ನೂರ ನಲವತ್ತೈದು ಕಿಲೋಮೀಟರ್. ಗಣಿ ಮತ್ತು ಗೇಟು ಸೇರಿ ಇನ್ನೂರ ಮೂವತ್ತು. ಬಿಗಿಯಾದರೂ ಸಾಕು. ಹಲ್ಲಿನ ಟೈರು, ಗಾರ್ಡು, ಎತ್ತರ ಸೇರಿದರೆ ನೂರ ಎಂಬತ್ತೈದು. ಗೇಟಿಗೆ ಮಾತ್ರ ಹೋಗಿ ಬರುವುದಕ್ಕೇ ನೂರ ತೊಂಬತ್ತೆರಡು ಬೇಕು. ಆ ದಾರಿಯಲ್ಲಿ ಚಾರ್ಜ್ ಮಾಡುವ ಜಾಗ ಒಂದೂ ಇಲ್ಲ.

ಬುಧವಾರ ಕಂಪನಿಯವರು ರಸ್ತೆ ಟೈರಿನ ಗಾಡಿಯೊಂದನ್ನು ಓಡಿಸಿ ನೋಡಲೆಂದು ತಂದರು. ಮರುದಿನದ ಸಿಲಿಂಡರುಗಳನ್ನು ಒಂದು ದಿನ ಮೊದಲೇ ಹೇರಿಕೊಂಡು ಅವಳು ಅದನ್ನು ನೇರ ಗಣಿಗೆ ಒಯ್ದಳು. ಎರಡನೆಯ ತಿರುವಿನಲ್ಲಿ ಚಕ್ರ ನಿಂತಲ್ಲೇ ತಿರುಗಿತು, ಹನ್ನೊಂದು ಸಿಲಿಂಡರಿನ ಭಾರಕ್ಕೆ ಗಾಡಿ ಹಿಂದಕ್ಕೆ ಜಾರಿತು, ಟೈರಿನ ಬದಿ ಅಂಗೈ ಅಗಲ ಸೀಳಿತು. ಕಾಲೊನಿಯ ಹೆಂಗಸರು ಇಳಿದು ಬಂದು ಸಿಲಿಂಡರುಗಳನ್ನು ಇಬ್ಬಿಬ್ಬರಾಗಿ ಹೊತ್ತರು. ಕೊನೆಯ ಮನೆಯ ಅಜ್ಜ ಅಷ್ಟರಲ್ಲಿ ಹಳೆಯ ಸಿಲಿಂಡರ್ ಮುಗಿದು ತುಟಿ ನೀಲಿಯಾಗಿ ಕಿಟಕಿಯ ಸರಳು ಹಿಡಿದು ಕೂತಿದ್ದ. ನಳಿಗೆ ಹಾಕಿ ಸ್ವಲ್ಪ ಹೊತ್ತಾದ ಮೇಲೆ, ಇವತ್ತು ಉಸಿರು ನಡೆದುಕೊಂಡು ಬಂತಾ ಎಂದು ಅವನೇ ತಮಾಷೆ ಮಾಡಿದ. ಉಸಿರಕ್ಕನಿಗೆ ನಗು ಬರಲಿಲ್ಲ.

ಉತ್ತರ ಅವಳಿಗೆ ಗೊತ್ತಿತ್ತು. ಪಂಚರ್ ಮಾವನಿಗೂ ಗೊತ್ತಿತ್ತು. ಎರಡು ಜೊತೆ ಚಕ್ರ ಬೇಕು. ಗಣಿಯ ದಿನಕ್ಕೆ ಒಂದು, ಗೇಟಿನ ದಿನಕ್ಕೆ ಒಂದು. ಬದಲಾಯಿಸಲು ಮುಕ್ಕಾಲು ಗಂಟೆ, ಮಾವ ತಾನೇ ಮಾಡಿಕೊಡುತ್ತೇನೆ ಎಂದಿದ್ದ. ತಳದ ಗಾರ್ಡನ್ನೂ ಬೋಲ್ಟು ಬಿಚ್ಚಿ ತೆಗೆದಿಡಬಹುದು. ಆದರೆ ಮ್ಯಾನೇಜರು ಫಾರಮ್ಮಿನಲ್ಲಿ ಒಂದೇ ಗುರುತಿಗೆ ಜಾಗ ಇದೆ ಎಂದರು. ಎರಡನೆಯ ಜೊತೆ ಪಟ್ಟಿಯಲ್ಲೇ ಇಲ್ಲವೆಂದೂ, ಇಲ್ಲದ್ದನ್ನು ಕೇಳಿದರೆ ಇರುವ ಗಾಡಿಯೂ ಮುಂದಿನ ವರ್ಷಕ್ಕೆ ಹೋಗುತ್ತದೆಂದೂ ಹೇಳಿದರು. ಪುಟದ ಕೊನೆಗೆ ಷರಾ ಎಂಬ ಕಾಲಂ ಇದೆಯಲ್ಲ, ಹೇಳುವುದಿದ್ದರೆ ಅಲ್ಲಿ ಬರೆಯಿರಿ ಎಂದರು.

ಗುರುವಾರ ಸಂಜೆ, ಮಗಳ ತಲೆಗೆ ಹೇನಿನ ಬಾಚಣಿಗೆ ಹಾಕುತ್ತ ಗಂಡನಿಗೆ ಇದನ್ನೆಲ್ಲ ಹೇಳಿದಳು. ಪುಸ್ತಕ ಬೈಂಡಿಂಗ್ ಮಾಡುವ ಅವನು ಅಂಟು ಹತ್ತಿದ ಬೆರಳು ಉಜ್ಜಿಕೊಳ್ಳುತ್ತ ಕೇಳಿಸಿಕೊಂಡ.

"ಹಲ್ಲಿನ ಟೈರಿಗೆ ಗುರುತು ಹಾಕಿ ಸುಮ್ಮನಿರು," ಎಂದ. "ಷರಾ ಗಿರಾ ಏನೂ ಬರೀಬೇಡ. ಮೊದಲನೇ ಗುರುವಾರ ಗೇಟಿಗೆ ಹೋಗು, ವಾಪಸ್ ಬರ್ತಾ ದಾರೀಲಿ ನಿಲ್ಲುತ್ತೆ, ನಿಲ್ಲಲಿ. ಫೋನ್ ಮಾಡಿ ಎಳೆಸಿಕೋ. ಹೀಗೆ ಎರಡು ಸಲ ಎಳೆದ ಮೇಲೆ ಅವರೇ ಇನ್ನೊಂದು ಜೊತೆ ಚಕ್ರ ಕೊಡ್ತಾರೆ."

"ಗೊತ್ತಿದ್ದೂ ಗೊತ್ತಿದ್ದೂ ಗಾಡಿ ನಿಲ್ಲಿಸೋದಾ?"

"ಅವರಿಗೆ ಕಣ್ಣಿಗೆ ಕಂಡಿದ್ದು ಮಾತ್ರ ತಿಳಿಯೋದು ಕಣೇ. ಬರೆದಿದ್ದು ತಿಳಿಯೋದಿಲ್ಲ."

ಅವಳಿಗೆ ಒಪ್ಪಿಗೆಯಾಗಲಿಲ್ಲ. ಒಂಬತ್ತು ವರ್ಷ ಅವಳು ಮೀಟರಿನಲ್ಲಿ ಕಂಡದ್ದನ್ನೇ ಬರೆದವಳು, ಒಂದು ಗೆರೆ ಹೆಚ್ಚಿಲ್ಲ, ಒಂದು ಗೆರೆ ಕಡಿಮೆಯಿಲ್ಲ. ತನ್ನನ್ನು ಕೇಳಿದ್ದೇ ಅದಕ್ಕಲ್ಲವೇ? ಹನ್ನೊಂದು ಮನೆಯನ್ನು ನೆನೆದು ಹಲ್ಲಿನ ಟೈರಿಗೆ ಗುರುತು ಹಾಕಿದಳು. ಗಾರ್ಡಿಗೆ ಹಾಕಿದಳು, ಎತ್ತರಕ್ಕೆ ಹಾಕಿದಳು. ಆಮೇಲೆ ಷರಾ ಕಾಲಂನಲ್ಲಿ ತನ್ನ ಗುಂಡು ಅಕ್ಷರದಲ್ಲಿ ಬರೆದಳು: ಈ ಟೈರಿನಲ್ಲಿ ರೈಲ್ವೆ ಗೇಟಿನ ಮನೆಯನ್ನು ಮುಟ್ಟಿ ವಾಪಸು ಬರಲು ಆಗುವುದಿಲ್ಲ, ಅಲ್ಲಿ ಆಕ್ಸಿಜನ್ ಮೇಲಿರುವ ಶಿಶುವಿದೆ, ಆದ್ದರಿಂದ ರಸ್ತೆ ಟೈರಿನ ಇನ್ನೊಂದು ಜೊತೆ ಚಕ್ರ ಕೊಡಬೇಕು. ಬರೆದು ಮುಗಿಸಿದಾಗ ಮನಸ್ಸು ಹಗುರಾಗಿತ್ತು. ಆ ಹಗುರವನ್ನು ನೆನೆದರೆ ಈಗಲೂ ಅವಳಿಗೆ ತನ್ನ ಮೇಲೇ ಅಸಹ್ಯವಾಗುತ್ತದೆ.

ಮೂರು ವಾರಕ್ಕೆ ಆದೇಶ ಬಂತು. ಗಾಡಿ ಮಂಜೂರು, ಹಲ್ಲಿನ ಟೈರು ಮಂಜೂರು, ಗಾರ್ಡು ಮಂಜೂರು. ಕೊನೆಯ ಸಾಲಿನಲ್ಲಿ, ಚಾಲಕರ ವರದಿಯ ಮೇರೆಗೆ ರೈಲ್ವೆ ಗೇಟಿನ ಮನೆಯನ್ನು ಸರಬರಾಜು ಪಟ್ಟಿಯಿಂದ ಕೈಬಿಡಲಾಗಿದೆ ಎಂದಿತ್ತು.

ಅವಳು ಆ ಕಾಗದ ಹಿಡಿದು ಮ್ಯಾನೇಜರ ಮೇಜಿನೆದುರು ನಿಂತಳು. ಅವರೇನೂ ಕೆಟ್ಟವರಲ್ಲ. ಅವಳಿಗೆ ಕುರ್ಚಿ ತೋರಿಸಿದರು, ನೀರು ಕೊಟ್ಟರು.

"ಆಗೋದಿಲ್ಲ ಅಂತ ನೀವೇ ಸಹಿ ಮಾಡಿ ಕೊಟ್ಟಿದ್ದೀರಲ್ಲಮ್ಮಾ. ಆಗೋದಿಲ್ಲ ಅಂದ ಮೇಲೂ ಕಳಿಸಿದ್ರೆ, ನಾಳೆ ಹೆಚ್ಚುಕಡಿಮೆ ಆದಾಗ ಯಾರನ್ನ ಹಿಡೀತಾರೆ?"

ಅವಳು ಕಡತದಲ್ಲಿದ್ದ ತನ್ನ ಷರಾದ ಕೊನೆಯ ಎರಡು ಸಾಲು, ಇನ್ನೊಂದು ಜೊತೆ ಚಕ್ರ ಕೇಳಿದ್ದನ್ನು ತೋರಿಸಿದಳು. ಮೇಲಿನವರು ಅದನ್ನೂ ಓದಿದ್ದಾರೆ ಎಂದರು ಅವರು. ಅದು ಕೋರಿಕೆ, ಮೇಲಿನದು ಮಾಹಿತಿ. ಕೋರಿಕೆಯ ಕಡತವೇ ಬೇರೆ. ಅದಕ್ಕೆ ಬೇರೆ ಅರ್ಜಿ ಕೊಡಿ, ನೋಡೋಣ. ಹಳೆಯ ಡೀಸೆಲ್ ಗಾಡಿಯನ್ನು ಗುರುವಾರಕ್ಕೊಮ್ಮೆ ಓಡಿಸಲು ಬಿಡಿ ಎಂದು ಕೇಳಿದಳು. ಅದರ ನಂಬರು ರದ್ದು ಮಾಡಲು ಕಾಗದ ಆಗಲೇ ಹೋಗಿತ್ತು. ಅದು ಓಡಲು ಉಳಿದದ್ದು ಒಂದೇ ಗುರುವಾರ.

ಆ ಗುರುವಾರ ಅವಳು ಗೇಟಿನ ಮನೆಗೆ ಎರಡು ಸಿಲಿಂಡರಿನ ಬದಲು ಐದು ಒಯ್ದಳು. ಗೇಟಿನ ಹೆಂಗಸು ಅಂಗಳದ ತಂತಿಗೆ ಮಗುವಿನ ಬಟ್ಟೆ ಒಣಹಾಕುತ್ತಿದ್ದಳು. ಒಳಗೆ ಮಗು ಅಜ್ಜಿಯ ಕಾಲ ಮೇಲೆ ಕೂತು, ನಳಿಗೆಯನ್ನು ಬಾಯಿಗೆ ಹಾಕಿಕೊಳ್ಳಲು ನೋಡುತ್ತಿತ್ತು. ಉಸಿರಕ್ಕ ಸುತ್ತಿಬಳಸದೆ ಹೇಳಿದಳು. ಸೋಮವಾರದಿಂದ ಹೊಸ ಗಾಡಿ, ಅದು ಇಷ್ಟು ದೂರ ಬರುವುದಿಲ್ಲ.

ಗೇಟಿನ ಹೆಂಗಸು ಮೊದಲು ನಕ್ಕಳು. "ಹೊಸದು ಅಂತೀರಿ, ಹಳೇದಕ್ಕಿಂತ ಮೊದಲೇ ಸುಸ್ತಾಗುತ್ತಾ? ಯಾರಕ್ಕಾ ಅದನ್ನ ಆರಿಸಿದ್ದು, ಅವರಿಗೇನು ಕಣ್ಣಿರಲಿಲ್ವಾ?"

"ನಾನೇ ಆರಿಸಿದ್ದು."

ಆಗ ಒಳಗೆ ಫೋನು ಬಡಿದುಕೊಂಡಿತು. ರೈಲು ಹೊರಟಿದೆ. ಗೇಟಿನ ಹೆಂಗಸು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡೇ ಓಡಿ ಗೇಟು ಇಳಿಸಿದಳು, ಹಸಿರು ಬಾವುಟ ಹಿಡಿದು ನಿಂತಳು. ಉದ್ದನೆಯ ಗೂಡ್ಸು. ಅದು ದಾಟುವಷ್ಟು ಹೊತ್ತೂ ಉಸಿರಕ್ಕ ಕಲ್ಲುಗಣಿಯ ಏರಿನ ಬಗ್ಗೆ, ಸೀಳಿದ ಟೈರಿನ ಬಗ್ಗೆ, ನೀಲಿಯಾದ ತುಟಿಯ ಬಗ್ಗೆ ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಳ್ಳುತ್ತಿದ್ದಳು. ಗೇಟು ತೆಗೆದು ಹಿಂದಿರುಗಿದವಳು ಅದಾವುದನ್ನೂ ಕೇಳಲಿಲ್ಲ.

"ಇವು ಐದು ಎಷ್ಟು ದಿನ ಬರುತ್ತೆ?"

"ಇಪ್ಪತ್ತು ದಿನ."

"ಆಮೇಲೆ?"

ಉಸಿರಕ್ಕ ಐದನೆಯ ಸಿಲಿಂಡರನ್ನು ಹೊಸ್ತಿಲು ದಾಟಿಸಿ ಗೋಡೆಗೆ ಒರಗಿಸಿದಳು.

ಹದಿನೆಂಟನೆಯ ದಿನ ಅತ್ತೆ ಮಗುವನ್ನೆತ್ತಿಕೊಂಡು ಪಟ್ಟಣಕ್ಕೆ ಬಂದಳು. ಡಿಪೋದಿಂದ ಮೂರನೆಯ ಬೀದಿಯಲ್ಲಿ ಒಂದು ಕೋಣೆ, ಉಸಿರಕ್ಕನೇ ಹುಡುಕಿ ಕೊಟ್ಟದ್ದು. ಗೇಟು ಬಿಟ್ಟರೆ ತಾಯಿಗೆ ಕೆಲಸವಿಲ್ಲ, ವರ್ಗಕ್ಕೆ ಕೊಟ್ಟ ಅರ್ಜಿ ಪರಿಶೀಲನೆಯಲ್ಲಿದೆ. ಹದಿನೈದು ದಿನಕ್ಕೊಂದು ರಜೆ. ಮೊದಲ ಸಲ ಬಂದಾಗ ಮಗು ಅವಳ ಕುತ್ತಿಗೆ ಬಿಡಲಿಲ್ಲ. ಎರಡನೆಯ ಸಲ ಅಜ್ಜಿಯ ಮುಖ ನೋಡಿ ಆಮೇಲೆ ಬಂತು. ಮೂರನೆಯ ಸಲ ಅಜ್ಜಿಯ ಹೆಗಲಿಗೆ ಮುಖ ಒತ್ತಿಕೊಂಡಿತು. ಬಸ್ಸಿನ ಹೊತ್ತಾಗುವವರೆಗೂ ತಾಯಿ ಎದುರಿಗೆ ಕೂತು, ಕೈ ಚಾಚಿಯೇ ಇದ್ದಳು.

ಹೊಸ ಗಾಡಿ ಬಲು ಚೆನ್ನಾಗಿದೆ. ಗಣಿಯ ಏರನ್ನು ಸದ್ದಿಲ್ಲದೆ ಹತ್ತುತ್ತದೆ, ಕೊನೆಯ ಮನೆಯ ಅಜ್ಜ ಅದರ ಟೈರನ್ನು ಕೋಲಿನಿಂದ ಮುಟ್ಟಿ ನೋಡಿ ಮೆಚ್ಚಿದ್ದಾನೆ. ಉಸಿರಕ್ಕ ಎರಡನೆಯ ಜೊತೆ ಚಕ್ರಕ್ಕೆ ಮೂರು ಅರ್ಜಿ ಕೊಟ್ಟಿದ್ದಾಳೆ. ಮೂರಕ್ಕೂ ಒಂದೇ ಉತ್ತರ: ಆ ಮಾರ್ಗದಲ್ಲಿ ಈಗ ಫಲಾನುಭವಿಗಳು ಯಾರೂ ಇಲ್ಲ. ಗಂಡ ಒಮ್ಮೆಯೂ ನಾನು ಹೇಳಿರಲಿಲ್ಲವಾ ಎನ್ನಲಿಲ್ಲ. ಅಂದಿದ್ದರೆ ಜಗಳವಾಡಿ ಅತ್ತಾದರೂ ಬಿಡುತ್ತಿದ್ದಳು.

ಹೋದ ಮಂಗಳವಾರ ಅವಳು ಕೋಣೆಗೆ ಸಿಲಿಂಡರ್ ಹಾಕಲು ಹೋದಾಗ ಮಗು ಗೋಡೆ ಬಿಟ್ಟು, ನಳಿಗೆ ಎಳೆದುಕೊಂಡು, ನಾಲ್ಕು ಹೆಜ್ಜೆ ಇಟ್ಟು ಅವಳ ಮೊಣಕಾಲು ಹಿಡಿದುಕೊಂಡಿತು. ಮೊದಲ ಹೆಜ್ಜೆ. ಅಜ್ಜಿ ಬಾಯಿಗೆ ಸೆರಗು ಒತ್ತಿಕೊಂಡಳು. ಅಂದೇ ಸಂಜೆ ಅವಳು ಮತ್ತೆ ಕೋಣೆಗೆ ಹೋಗಿದ್ದಾಗ ಗೇಟಿನಿಂದ ಫೋನು ಬಂತು. ಅತ್ತೆ ಮಾತಾಡಲಾರೆನೆಂದು ಅದನ್ನು ಉಸಿರಕ್ಕನ ಕೈಗೆ ಕೊಟ್ಟಳು. ಹಿಂದೆ ಗೂಡ್ಸು ಹೋಗುವ ಸದ್ದು, ಅದರ ಮೇಲೆ ಕೂಗಿ ಕೇಳುವ ದನಿ.

"ಅಕ್ಕಾ, ಪುಟ್ಟಿ ಹೆಜ್ಜೆ ಇಟ್ಟಳಾ?"

ಕಂಡದ್ದನ್ನೇ ಬರೆಯುವ, ಕಂಡದ್ದನ್ನೇ ಹೇಳುವ ಉಸಿರಕ್ಕ ಕಾಲಿಗೆ ಆತುಕೊಂಡಿದ್ದ ಮಗುವಿನ ತಲೆಯ ಮೇಲೆ ಕೈಯಿಟ್ಟು ಹೇಳಿದಳು:

"ಇನ್ನೂ ಇಲ್ಲ ಕಣಮ್ಮಾ. ಗೋಡೆ ಹಿಡಿದು ನಿಲ್ತಾಳೆ, ಅಷ್ಟೇ."