ಒಲೆಯಿಲ್ಲದ ಗುಡಿಸಲು

ಕಾಲುವೆ ದಂಡೆಯ ಗುಡಿಸಲುಗಳನ್ನು ತೆರವು ಮಾಡಿ, ಅಲ್ಲಿದ್ದವರಿಗೆ ಊರಾಚೆ ಫ್ಲ್ಯಾಟು ಕೊಡುವುದೆಂದು ತೀರ್ಮಾನವಾದಾಗ, ಯಾರು ನಿಜವಾಗಿ ಅಲ್ಲಿ ವಾಸವಿದ್ದಾರೆಂದು ನೋಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಸುದ್ದಿ ಹಬ್ಬಿದ್ದೇ ತಡ, ಮಾಧವರಂ ಬಡಾವಣೆಯಲ್ಲಿ ಸ್ವಂತ ಮನೆಯಿದ್ದವರೂ ಇಲ್ಲೊಂದು ತಗಡು ಹೊದಿಸಿ ಬೀಗ ಜಡಿದು ಹೋಗಿದ್ದರು. ಅಂಥವರ ಹೆಸರು ಹೊಡೆದುಹಾಕಿ, ಮುಂದೆ ಯಾವ ಸರಕಾರಿ ಮನೆಗೂ ಅರ್ಜಿ ಹಾಕದಂತೆ ಮಾಡುತ್ತಿದ್ದೆವು. ನನ್ನ ಉಪಾಯ ಒಂದೇ: ಒಲೆ ನೋಡುವುದು. ಒಲೆಯಿಲ್ಲದ ಕಡೆ ಸಂಸಾರವಿಲ್ಲ. ಹಾಗೆ ಹಲವರನ್ನು ಹಿಡಿದು ನನಗೆ ಸ್ವಲ್ಪ ಕೊಬ್ಬೂ ಬಂದಿತ್ತು.

ಅರವತ್ತು ದಾಟಿದ ಒಬ್ಬ ಒಂಟಿ ಹೆಂಗಸಿನ ಗುಡಿಸಲಲ್ಲಿ ಚಾಪೆ, ಟ್ರಂಕು, ನೀರಿನ ಕೊಡ ಇದ್ದವು. ಒಲೆ ಇರಲಿಲ್ಲ. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು. ಈ ತಮಿಳು ಊರಲ್ಲಿ ನನ್ನ ಕನ್ನಡ ಕೇಳಿ ಗುಡಿಸಲಿನ ಹೆಂಗಸಿನ ಮುಖ ಅರಳಿತು.

"ನಮ್ಮ ಕಡೇವ್ರಾ ಸಾರ್? ಬೆಸೆಂಟ್ ನಗರದಲ್ಲಿ ಒಂದು ಮನೇಲಿ ಅಡುಗೆ ಮಾಡ್ತೀನಿ. ಸಾಪಾಡೆಲ್ಲ ಅಲ್ಲೇ ಆಗೋಗತ್ತೆ. ಇಲ್ಲಿ ಬಂದು ಮಲಗೋದಷ್ಟೇ, ಒಬ್ಬಳಿಗೆ ಸ್ಟವ್ ಯಾತಕ್ಕೆ? ಸುಮ್ಮಾ ಹೇಳ್ತಿಲ್ಲ ಸಾರ್, ಪಕ್ಕದೋರನ್ನ ಕೇಳಿ ನೋಡಿ."

ಜೊತೆಗಿದ್ದ ಇಬ್ಬರು ಸಹೋದ್ಯೋಗಿಗಳು ಮುಖ ಮುಖ ನೋಡಿಕೊಂಡರು. ಮೂರು ತಲೆಮಾರಿನಿಂದ ಈ ಊರಲ್ಲಿದ್ದರೂ ಆಫೀಸಿಗೆ ನಾನು ಕನ್ನಡದವನೇ. ತನ್ನ ಭಾಷೆಯವಳೆಂದು ಬಿಟ್ಟ ಎಂದಾರು ಎಂಬ ಹೆದರಿಕೆ. ಇಂಥ ಕಥೆ ದಿನಕ್ಕೆ ಹತ್ತು ಕೇಳುತ್ತೇನೆಂದು ತಮಿಳಿನಲ್ಲಿ ಗದರಿ, 'ವಾಸವಿಲ್ಲ' ಎಂದು ಬರೆದು ಸಹಿ ಹಾಕಿದೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ನಾನು ಪಕ್ಕದ ಬಾಗಿಲನ್ನೂ ತಟ್ಟಲಿಲ್ಲ. ಆಕೆ ತಮಿಳಿನವಳಾಗಿದ್ದರೆ ಖಂಡಿತ ತಟ್ಟುತ್ತಿದ್ದೆ.

ತೆರವಿನ ದಿನ ಎಲ್ಲರ ಸಾಮಾನು ಲಾರಿಗೆ ಏರುತ್ತಿತ್ತು. ಆಕೆ ಟ್ರಂಕನ್ನು ಒಬ್ಬರೇ ಹೊರಗೆಳೆಯುತ್ತಿದ್ದರು. ಪಕ್ಕದ ಗುಡಿಸಲಿನ ಹೆಂಗಸು ನನ್ನ ಮುಂದೆ ಬಂದು ನಿಂತು ತಮಿಳಿನಲ್ಲಿ ಕೂಗಾಡಿದಳು: ಹದಿನೆಂಟು ವರ್ಷ ಈಕೆಯ ಕೆಮ್ಮು ಕೇಳುತ್ತಲೇ ಮಲಗಿದ್ದೇನೆ, ನನ್ನನ್ನು ಒಂದು ಮಾತು ಕೇಳಬಾರದಿತ್ತೇ?

ಮೇಲಧಿಕಾರಿಗೆ ಫೋನ್ ಮಾಡಿದೆ. ಪಟ್ಟಿ ಮುಗಿದುಹೋಗಿದೆ, ನಿಮ್ಮದೇ ಸಹಿ ಇದೆಯಲ್ಲ ಎಂದರು.

ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಲಾರಿ ಹೊರಟ ಮೇಲೆ ಆಕೆಯ ಹತ್ತಿರ ಹೋಗಿ, "ಈಗ ಎಲ್ಲಿಗೆ ಹೋಗ್ತೀರಮ್ಮ?" ಎಂದೆ.

ಟ್ರಂಕಿನ ಮೇಲೆ ಕೂತಿದ್ದ ಆಕೆ ನನ್ನತ್ತ ನೋಡಲಿಲ್ಲ. "ನಾನು ಇಲ್ಲಿ ಇರ್ಲೇ ಇಲ್ವಲ್ಲ ಸಾರ್," ಎಂದರು, "ಹೋಗೋದು ಎಲ್ಲಿಂದ ಬಂತು?"