ಸೀಟಿನ ಕೆಳಗಿನ ಟಾಕಿ

ಹತ್ತಿ ಸಾಗಿಸುವ ಆ ಲಾರಿಯ ಪೆಟ್ರೋಲ್ ಟಾಕಿ ಇದ್ದದ್ದು ಡ್ರೈವರನ ಸೀಟಿನ ಕೆಳಗೆ. ಪಕ್ಕದಲ್ಲಿ ಅವ್ವ, ಅವಳ ಆಚೆ ನಾನು. ನಮ್ಮ ಕಡೆಯ ಬಾಗಿಲಿನ ಚಿಲಕ ಮುರಿದಿದ್ದರಿಂದ ಹೊರಗಿನಿಂದ ಹಗ್ಗ ಕಟ್ಟಿದ್ದರು. ಹುಬ್ಬಳ್ಳಿ ದಾಟಿ ಧಾರವಾಡದ ದಾರಿ ಹಿಡಿದಾಗ ಹೊತ್ತು ಮುಳುಗಿತು, ಪೆಟ್ರೋಲೂ ತೀರಿತು. ಡ್ರೈವರ್ ಇಳಿದು ಸೀಟು ಎತ್ತಿದ. ಟಾಕಿಯ ಬಾಯಿ ಕಾಣಲೆಂದು ಉರಿಯುವ ಕಂದೀಲನ್ನು ಅದರ ಪಕ್ಕದಲ್ಲೇ ಇಟ್ಟ.

"ಅಣ್ಣಾ, ಮೊದಲ ನಮ್ಮನ್ನ ಇಳಸ್ರಿ," ಎಂದಳು ಅವ್ವ.

"ಯಾಕ್ರಿ ಅವ್ವಾರ? ದಿನಾ ಒಲಿ ಮುಂದ ಕೂಡೂದಿಲ್ಲೇನು?" ಎಂದು ಅವನು ನಕ್ಕ.

"ಒಲಿ ಮುಂದ ಕೂತಾಗ ಬಾಗಲಾ ಕಟ್ಟಿರೂದಿಲ್ರಿ."

ಅವನು ಪೆಟ್ರೋಲಿನ ಡಬ್ಬಿ ತಂದು ಟಾಕಿಗೆ ಸುರಿಯತೊಡಗಿದ. ಡಬ್ಬಿ ಜಾರಿ, ಪೆಟ್ರೋಲ್ ಹಲಗೆಯ ಮೇಲೆ ಚೆಲ್ಲಿ ನಮ್ಮ ಕಾಲಿನತ್ತ ಹರಿದು ಬಂತು. ನಾನು ಬೆನ್ನಿನಿಂದ ಬಾಗಿಲನ್ನು ಒತ್ತಿದೆ. ಅದು ಅಲುಗಿತು, ತೆರೆಯಲಿಲ್ಲ.

ಡ್ರೈವರನ ನಗು ನಿಂತಿತು. ಡಬ್ಬಿಯನ್ನು ಮೆಲ್ಲಗೆ ಕೆಳಗಿಟ್ಟು, ಕಂದೀಲನ್ನು ಅಲುಗಿಸದೆ ಎತ್ತಿಕೊಂಡು ಹೋಗಿ ದೂರದ ಹೊಲದ ಬದುವಿನ ಮೇಲೆ ಇಟ್ಟ. ಮರಳಿ ಬಂದು ಕತ್ತಲಲ್ಲೇ ಹಗ್ಗದ ಗಂಟು ತಡಕಾಡಿದ. ಗಂಟು ಬಿಚ್ಚಿ ಬಾಗಿಲು ತೆರೆದ.

"ಇಳೀರಿ ಅವ್ವಾರ," ಎಂದ.

ಉಳಿದ ಪೆಟ್ರೋಲನ್ನು ಕತ್ತಲಲ್ಲೇ ಟಾಕಿಗೆ ಸುರಿದ. ಹಲಗೆ ಒಣಗುವ ತನಕ ಅವನು ಲಾರಿ ಚಾಲೂ ಮಾಡಲಿಲ್ಲ. ಮತ್ತೆ ಹತ್ತಿದಾಗ ಅವ್ವ ಹಗ್ಗ ಕಟ್ಟಗೊಡಲಿಲ್ಲ. ಧಾರವಾಡ ಮುಟ್ಟುವವರೆಗೂ ನನ್ನ ಮುಂದಿನಿಂದ ಕೈ ಚಾಚಿ ಬಾಗಿಲನ್ನು ತಾನೇ ಎಳೆದು ಹಿಡಿದುಕೊಂಡಿದ್ದಳು.